ಲೆಕ್ಕಕ್ಕೆ ಬಾರದ ಗಡ್ಡೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ರೈಲುದಾರಿ ತೆರೆದದ್ದು 1894ರಲ್ಲಿ. ಬಂಗಾರಪೇಟೆಗೆ ಆಗಿನ್ನೂ ಬೌರಿಂಗ್‌ಪೇಟೆ ಎಂಬ ಹೆಸರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಹಿಂದೊಂದು ಬರುವ ಈ ನಿಲ್ದಾಣಗಳ ಬೆನ್ನಿಗೆಲ್ಲ ಗಣಿಗಳಿದ್ದವು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ 1880ರಿಂದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ 2001ರ ಫೆಬ್ರುವರಿ 28ರವರೆಗೆ ಕೋಲಾರ ಚಿನ್ನದ ಗಣಿಗಳ ಈ ಊರು, ಅಂದರೆ ಕೆ.ಜಿ.ಎಫ್., ಲೆಕ್ಕದ ಮೇಲೆಯೇ ನಡೆಯಿತು. ಟನ್ ಅದಿರಿಗೆ ಎಷ್ಟು ಚಿನ್ನ, ಶಾಫ್ಟ್ ಎಷ್ಟು ಅಡಿ ಇಳಿದಿದೆ, ತಳದಲ್ಲಿ ಬಂಡೆಯ ಬಿಸಿ ಎಷ್ಟು, ಯಾರು ಯಾವ ಪಾಳಿಯಲ್ಲಿ ಇಳಿದರು, ಎಲ್ಲವೂ ಪುಸ್ತಕದಲ್ಲಿ ಇರಬೇಕು.

ಗಂಡಸರ ಶ್ವಾಸಕೋಶವೂ ಕಾಲಕ್ರಮದಲ್ಲಿ ಆ ಲೆಕ್ಕಕ್ಕೆ ಸೇರಿತು. ಬಂಡೆಯ ದೂಳಿನಿಂದ ಬರುವ ಸಿಲಿಕೋಸಿಸ್ ಪರಿಹಾರ ಕೊಡಬೇಕಾದ ಕಾಯಿಲೆಯೆಂದು ಒಪ್ಪಿಕೊಂಡ ಮೈಸೂರು ಸರ್ಕಾರ 1940ರಲ್ಲಿ ಅದಕ್ಕೆಂದೇ ನಿಯಮಗಳನ್ನು ಮಾಡಿತು. ಅದೇ ದಶಕದಲ್ಲಿ ಕೋಲಾರದ ಗಣಿ ಕಾರ್ಮಿಕರ ಎದೆಯ ಎಕ್ಸ್‌ರೇ ತಪಾಸಣೆಗಳು ನಡೆದು, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಕಂಡಿತು. ಭಾರತದ ವೈದ್ಯಕೀಯ ಪಠ್ಯಗಳಲ್ಲಿ ಸಿಲಿಕೋಸಿಸ್ ಪಾಠ ಇಂದಿಗೂ ಕೋಲಾರದ ಹೆಸರಿನಿಂದಲೇ ಶುರುವಾಗುತ್ತದೆ. ರಕ್ತಹೀನತೆಯ ಕಥೆಯೂ ಇಂಥದ್ದೇ. ಕೋಲಾರಕ್ಕೆ ಮೇಸ್ತ್ರಿಗಳನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಡೊಲ್ಕೋತ್ ಗಣಿಯ ಆಳುಗಳು ಬಿಳಿಚಿಕೊಳ್ಳುತ್ತಿರುವುದು ಏಕೆಂದು 1902–03ರಲ್ಲಿ ಜೆ. ಎಸ್. ಹಾಲ್ಡೇನ್ ತನಿಖೆ ಮಾಡಿ, ಕೊಕ್ಕೆಹುಳು ಕಾರಣವೆಂದು ತೋರಿಸಿದರು. ಆಳು ಬಿಳಿಚಿದರೆ ಅದಿರು ಕಡಿಮೆ ಬರುತ್ತದೆ. ಹಾಗಾಗಿ ವಿಜ್ಞಾನಿಯನ್ನೇ ಕರೆಸಿದರು.

ಗಣಿ ಕೂಲಿಕಾರರ ಲೈನು ಮನೆಗಳಲ್ಲಿ ಬಿಳಿಚಿಕೊಂಡ ಹೆಂಗಸರ ವಿಷಯ ಬೇರೆ. ಮುಟ್ಟು ಎಂಟು ಹತ್ತು ದಿನ ನಿಲ್ಲದೆ ಹೋಗುವುದು, ನೀರು ಹೊತ್ತು ತರುವಾಗ ಏದುಸಿರು, ಬಸಿರಿಲ್ಲದೆಯೂ ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬುವುದು: ಇವು ಯಾವ ಕಂಪನಿಯ ನಷ್ಟದ ಖಾತೆಗೂ ಸೇರುವ ಸಂಗತಿಗಳಲ್ಲ. ಆದರೆ ಇದಕ್ಕೆಲ್ಲ ಮೂಲವಾಗಬಲ್ಲ ಗರ್ಭಕೋಶದ ಸ್ನಾಯುಗಡ್ಡೆ ಸಿಲಿಕೋಸಿಸ್‌ಗಿಂತ ಎಷ್ಟೋ ಪಾಲು ಸಾಮಾನ್ಯ. ವೈದ್ಯರು ಅದನ್ನು ಲಿಯೋಮಯೋಮ ಎಂದರೆ ಜನ ಫೈಬ್ರಾಯ್ಡ್ ಎನ್ನುತ್ತಾರೆ, ಅಥವಾ ಸುಮ್ಮನೆ ಗಡ್ಡೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಅಂದಾಜಿನಲ್ಲಿ, ಐವತ್ತು ವರ್ಷ ತುಂಬುವ ಹೊತ್ತಿಗೆ ಬಿಳಿಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು 70, ಕಪ್ಪು ಮಹಿಳೆಯರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಸಣ್ಣದೋ ದೊಡ್ಡದೋ ಗಡ್ಡೆ ಇರುತ್ತದೆ. ಹಲವರಿಗೆ ಅದು ಇದೆಯೆಂಬುದೇ ತಿಳಿಯುವುದಿಲ್ಲ.

ಹಿಂದಿನವರಿಗೆ ಇದನ್ನು ತಿಳಿಯಲು ಇದ್ದ ಉಪಕರಣ ಕೈಯೊಂದೇ. ಅದರ ಸಾಮರ್ಥ್ಯವನ್ನು ಕೀಳಾಗಿ ಕಾಣುವಂತಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ, 2018ರಲ್ಲಿ ಪದ್ಮಶ್ರೀ ಪಡೆದವರು, ಹೊಟ್ಟೆ ಮುಟ್ಟಿಯೇ ಮಗು ಮಲಗಿರುವ ಬಗೆ ಹೇಳುತ್ತಿದ್ದರು ಎಂಬುದು ಆ ಸೀಮೆಯಲ್ಲಿ ಮನೆಮಾತು. ಕೈಗೆ ಮಗುವಿನ ತಲೆ, ಬೆನ್ನು, ಕಾಲು ಬೇರೆಬೇರೆಯಾಗಿ ಸಿಗುತ್ತವೆ; ಗಡ್ಡೆ ಸಿಗುವುದು ಒಂದೇ ಮುದ್ದೆಯಾಗಿ. ಚರಕ ಸಂಹಿತೆ ರಕ್ತಗುಲ್ಮದ ಬಗ್ಗೆ ಹೇಳುವುದೂ ಇದನ್ನೇ. ಹೆಂಗಸರಿಗೆ ಮಾತ್ರ ಬರುವ ಈ ಗುಲ್ಮ ಅಂಗಾಂಗಗಳಿಲ್ಲದೆ ಇಡಿಯಾಗಿ ಮಿಡಿಯುತ್ತದೆ, ನೋವು ಕೊಡುತ್ತದೆ, ಉಳಿದೆಲ್ಲ ಲಕ್ಷಣ ಗರ್ಭಿಣಿಯವೇ. ಆದ್ದರಿಂದ ಹತ್ತು ತಿಂಗಳು ಕಳೆಯುವ ತನಕ ಚಿಕಿತ್ಸೆಗೆ ಕೈಹಾಕಬಾರದು ಎಂದು ಗ್ರಂಥ ಎಚ್ಚರಿಸುತ್ತದೆ. ಅದು ಇಂದಿನ ಫೈಬ್ರಾಯ್ಡೇ ಎಂದು ಗೆರೆ ಎಳೆದು ಹೇಳಲಾಗದು. ಹಲವು ಕಾಯಿಲೆಗಳು ಆ ಒಂದೇ ಹೆಸರಿನೊಳಗೆ ಅಡಗಿರಬಹುದು. ಆದರೆ ಒಳಗಿರುವುದು ಕೂಸೋ ಗಡ್ಡೆಯೋ ಗೊತ್ತಾಗದಿದ್ದಾಗ ಕಾಯುವುದೇ ಕ್ಷೇಮ ಎಂಬ ಆ ನಿಯಮ ಬಲ್ಲವರು ಮಾಡಿದ್ದು. ಅತ್ತ ಗ್ರೀಸಿನ ಹಿಪ್ಪಾಕ್ರಟಿಸ್ ಪರಂಪರೆಯವರು ಗರ್ಭದ ಕಲ್ಲುಗಳ ಮಾತಾಡಿದರು. ಮುಟ್ಟು ನಿಂತ ಮೇಲೆ ಹಳೆಯ ಗಡ್ಡೆಗಳಲ್ಲಿ ಸುಣ್ಣ ಕೂತು ಅವು ನಿಜವಾಗಿಯೂ ಕಲ್ಲಾಗುವುದುಂಟು.

ಕೈಗೆ ಸಿಕ್ಕಿದ್ದು ಕಣ್ಣಿಗೆ ಬೀಳಲು ಹೆಣ ಕೊಯ್ಯುವ ಕಾಲ ಬರಬೇಕಾಯಿತು. ಲಂಡನ್ನಿನ ಮ್ಯಾಥ್ಯೂ ಬೇಲಿ 1793ರಲ್ಲಿ ಹೊರತಂದ ರೋಗಶರೀರದ ಪುಸ್ತಕದಲ್ಲಿ ಈ ಗಡ್ಡೆಯ ಸ್ಪಷ್ಟ ವರ್ಣನೆ ಇದೆ. ಇಂದಿನ ಪ್ರಯೋಗಾಲಯದಲ್ಲಿ ಕಾಣುವುದೂ ಅದೇ. ಚಾಕು ಹಾಕಿದ ಕೂಡಲೇ ಗಡ್ಡೆ ಸುತ್ತಲ ಮಾಂಸದಿಂದ ಉಬ್ಬಿ ಹೊರಗೆ ಬರುತ್ತದೆ. ಕೊಯ್ದ ಮುಖ ಬಿಳಿ, ರಬ್ಬರಿನಷ್ಟು ಬಿಗಿ, ನೂಲುಂಡೆಯ ಹಾಗೆ ಸುತ್ತುಸುತ್ತು. ಅದಕ್ಕೆ ಸ್ವಂತ ಚರ್ಮವೇನೂ ಇಲ್ಲ. ಬೆಳೆಯುತ್ತ ಬೆಳೆಯುತ್ತ ಅಕ್ಕಪಕ್ಕದ ಸ್ನಾಯುವನ್ನು ಒತ್ತಿ ತೆಳು ಪದರವಾಗಿಸಿ, ಅದನ್ನೇ ಹೊದಿಕೆ ಮಾಡಿಕೊಂಡಿರುತ್ತದೆ. ಗಡ್ಡೆಯನ್ನು ಬೆರಳಿನಿಂದ ಬಿಡಿಸಿ ತೆಗೆದು ಗರ್ಭಕೋಶವನ್ನು ಉಳಿಸಬಹುದಾದದ್ದು ಈ ಸುಳ್ಳು ಹೊದಿಕೆಯ ದೆಸೆಯಿಂದ.

ಎಲ್ಲಿ ಬೆಳೆದಿದೆ ಎಂಬುದರ ಮೇಲೆ ಅದರ ಉಪದ್ರವ ನಿಂತಿದೆ. ಒಳಪೊರೆಯ ಅಡಿಯಲ್ಲಿದ್ದರೆ ಕಡಲೆಕಾಳಿನ ಗಾತ್ರದ್ದೂ ರಕ್ತ ಹರಿಸಿ ಹೈರಾಣ ಮಾಡೀತು. ಹೊರಪೊರೆಯ ಅಡಿಯಲ್ಲಿದ್ದರೆ ತೆಂಗಿನಕಾಯಿ ಗಾತ್ರಕ್ಕೆ ಬೆಳೆದರೂ ಮೂತ್ರಕೋಶವನ್ನು ಒತ್ತುವತನಕ ಸುಮ್ಮನಿದ್ದೀತು. ಗೋಡೆಯ ನಡುವಿನದು ಎರಡೂ ಕೆಲಸ ಮಾಡಬಲ್ಲದು. ಬೆಳೆದಂತೆಲ್ಲ ನಡುಭಾಗಕ್ಕೆ ರಕ್ತ ಸಾಲದೆ ಗಡ್ಡೆ ತನ್ನೊಳಗೇ ಸಾಯತೊಡಗುತ್ತದೆ: ಕೆಲವು ಗಾಜಿನಂತೆ ನುಣುಪಾಗುತ್ತವೆ, ಕೆಲವು ಕರಗಿ ನೀರುಗುಳ್ಳೆಯಾಗುತ್ತವೆ. ಬಸಿರಿನಲ್ಲಿ ಒಮ್ಮೆಗೇ ಒಳಗೆ ರಕ್ತ ಇಂಗಿ ಕೆಂಪಡರಿ ತಡೆಯಲಾರದ ನೋವು ಬರುವುದೂ ಉಂಟು. ಆಗ ಕತ್ತಿ ಎತ್ತದೆ ಮಲಗಿಸಿ, ನೋವಿಗೆ ಮದ್ದು ಕೊಟ್ಟು ಕಾಯುವುದು ಸಾಮಾನ್ಯ ಪದ್ಧತಿ.

ಈ ಬಿಳಿಯ ಸುತ್ತುಗಳು ಏನು? ಬರ್ಲಿನ್ನಿನ ರುಡಾಲ್ಫ್ ವಿರ್ಕೋ 1850ರ ದಶಕದಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಗರ್ಭಕೋಶದ ಗೋಡೆಯದೇ ಸ್ನಾಯು ಎಂದು ಹೇಳಿದರು. ವಿಯೆನ್ನಾದ ರೊಕಿಟಾನ್ಸ್ಕಿ ಮತ್ತು ಕ್ಲೋಬ್ ಅದರ ನಾರನ್ನು ಹಿಡಿದು ಫೈಬ್ರಾಯ್ಡ್ ಎಂಬ ಹೆಸರನ್ನು 1860ರ ದಶಕದಲ್ಲಿ ಚಲಾವಣೆಗೆ ತಂದರು. ವಿಜ್ಞಾನ ವಿರ್ಕೋ ಪರ ನಿಂತಿತು, ಬಾಯಿಮಾತು ವಿಯೆನ್ನಾದ ಪರ.

ಬದುಕಿರುವವರ ಗಡ್ಡೆ ತೆಗೆಯಲು ಹೊರಟವರ ಚರಿತ್ರೆ ಶುರುವಾಗುವುದು ತಪ್ಪು ತಿಳುವಳಿಕೆಗಳಿಂದ. 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ ಅಂಡಾಶಯದ ಗಡ್ಡೆಯೆಂದು ಹೊಟ್ಟೆ ತೆರೆದರೆ ಒಳಗಿದ್ದದ್ದು ಫೈಬ್ರಾಯ್ಡ್. ಗರ್ಭಕೋಶ ತೆಗೆದರು, ರೋಗಿ ರಕ್ತಸ್ರಾವದಿಂದ ತೀರಿಕೊಂಡಳು. ಹತ್ತು ವರ್ಷದ ನಂತರ ಅಮೆರಿಕದ ಲೊವೆಲ್ ಎಂಬ ಗಿರಣಿ ಊರಿನಲ್ಲಿ ವಾಲ್ಟರ್ ಬರ್ನ್‌ಹ್ಯಾಮ್ ಕೂಡ ಅದೇ ತಪ್ಪು ಮಾಡಿದರು. ಕ್ಲೋರೋಫಾರಂ ಕೊಟ್ಟ ರೋಗಿಗೆ ವಾಂತಿ ಬಂದು, ಆ ರಭಸಕ್ಕೆ ಗಡ್ಡೆಯ ಸಮೇತ ಗರ್ಭಕೋಶ ಗಾಯದಿಂದ ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಬೇರೆ ದಾರಿಯಿಲ್ಲದೆ ಕತ್ತರಿಸಿ ತೆಗೆದರು. ಆಕೆ ಬದುಕಿದಳು. ಅದೇ 1853ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಗಿಲ್ಮನ್ ಕಿಂಬಲ್ ಇದು ಫೈಬ್ರಾಯ್ಡ್ ಎಂದು ತಿಳಿದೇ ಕೈಹಾಕಿ ಗೆದ್ದರು. ಬರ್ನ್‌ಹ್ಯಾಮ್ ಆಮೇಲೆ ಮಾಡಿದ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನ ರೋಗಿಗಳು ಉಳಿಯಲಿಲ್ಲ. ಕುತೂಹಲದ ಸಂಗತಿಯೆಂದರೆ, ಗರ್ಭಕೋಶ ಬಿಟ್ಟು ಗಡ್ಡೆಯನ್ನಷ್ಟೇ ತೆಗೆಯುವ ಕೆಲಸವನ್ನು ಪೆನ್ಸಿಲ್ವೇನಿಯಾದ ಅಟ್ಲೀ ಸಹೋದರರು ಅದಕ್ಕೂ ಎಂಟೊಂಬತ್ತು ವರ್ಷ ಮೊದಲೇ ಮಾಡಿ ತೋರಿಸಿದ್ದರು. ಆ ದಾರಿ ಬೇಗ ಹಳುವಾಯಿತು. ಕೀಳುವ ದಾರಿ ಹೆದ್ದಾರಿಯಾಯಿತು.

ದಕ್ಷಿಣ ಭಾರತದಲ್ಲಿ ಈ ಚಿಕಿತ್ಸೆಗೆ ಅಡ್ಡಿಯಾಗಿ ನಿಂತದ್ದು ಕತ್ತಿಯ ಕೊರತೆಗಿಂತ ಹೆಚ್ಚಾಗಿ ವೈದ್ಯೆಯರ ಕೊರತೆ. ಪರಗಂಡಸಿಗೆ ಹೊಟ್ಟೆ ತೋರಿಸಲೊಲ್ಲದ ಹೆಂಗಸರಿಗಾಗಿ ಮೇರಿ ಶಾರ್ಲೀಬ್ 1885ರಲ್ಲಿ ಮದರಾಸಿನಲ್ಲಿ ಆಸ್ಪತ್ರೆ ತೆರೆದರು. ಮದರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೊದಲಿಗೆ ಓದಿದ ನಾಲ್ವರು ಮಹಿಳೆಯರಲ್ಲಿ ಅವರೊಬ್ಬರು. ಮುಂದೆ ಲಂಡನ್ನಿನಲ್ಲಿ ಉದರದ ಶಸ್ತ್ರಚಿಕಿತ್ಸೆಗೇ ಹೆಸರಾದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1902ರಲ್ಲಿ ಹೆಂಗಸರ ಆಸ್ಪತ್ರೆಯನ್ನೂ 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಯನ್ನೂ ಕಟ್ಟಿದರು. ಕೆ.ಜಿ.ಎಫ್. ಗಣಿಗಳ ಕೂಲಿಕಾರರಲ್ಲಿ ಬಹಳ ಮಂದಿ ಉತ್ತರ ಆರ್ಕಾಟಿನವರು, ವೆಲ್ಲೂರು ಅವರ ತವರಿನ ದಿಕ್ಕು. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಜೋಲಾರ್‌ಪೇಟೆಯ ಕಡೆ ಹೋದರೆ ಕಾಟ್ಪಾಡಿ, ಅಲ್ಲಿಂದ ವೆಲ್ಲೂರು ಹತ್ತಿರ. ಈಚೆ ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು 1910ರ ಸುಮಾರಿಗೆ ಹೆಂಗಸರು ಮಕ್ಕಳಿಗಾಗಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ತೆರೆದರು. ಇಂದಿಗೂ ಜನ ಅದನ್ನು ಇ.ಟಿ.ಸಿ.ಎಂ. ಎನ್ನುತ್ತಾರೆ. ಚಾಂಪಿಯನ್ ರೀಫ್‌ನಲ್ಲಿ ಗಣಿ ಕಂಪನಿಗಳದೇ ದೊಡ್ಡ ಆಸ್ಪತ್ರೆ ಇತ್ತು. ಬೆಂಗಳೂರಿನಲ್ಲಿ 1900ರಲ್ಲಿ ವಿಕ್ಟೋರಿಯಾ, 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆಗಳು ಬಂದವು. ನಾಲ್ಕು ದಿಕ್ಕಿಗೂ ಆಸ್ಪತ್ರೆಗಳಿದ್ದವು ಎಂಬ ದೃಷ್ಟಿಯಲ್ಲಿ ಊರಿಗಾಂನ ಹೆಂಗಸು ಮೈಸೂರು ಸಂಸ್ಥಾನದ ಬೇರೆ ಎಷ್ಟೋ ಹಳ್ಳಿಯವಳಿಗಿಂತ ಅದೃಷ್ಟವಂತೆಯೇ.

ವಿದ್ಯುತ್ತಿನ ಪ್ರಸ್ತಾಪವಿಲ್ಲದೆ ಕೆ.ಜಿ.ಎಫ್. ಕಥೆ ಮುಂದೆ ಹೋಗದು. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗಳಿಗೆ ಕರೆಂಟು ಕೊಟ್ಟದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೂ ಮೊದಲೇ, 1880ರ ದಶಕದಲ್ಲಿ, ಪ್ಯಾರಿಸ್ಸಿನ ಜಾರ್ಜ್ ಅಪೊಸ್ತೊಲಿ ಫೈಬ್ರಾಯ್ಡ್ ಇದ್ದವರ ಗರ್ಭಕೋಶದೊಳಗೆ ವಿದ್ಯುತ್ ಹರಿಸಿ ರಕ್ತ ನಿಲ್ಲಿಸುವ ಚಿಕಿತ್ಸೆ ಶುರುಮಾಡಿದ್ದರು. ಯೂರೋಪಿನಲ್ಲೆಲ್ಲ ಒಂದಷ್ಟು ಕಾಲ ಅದರದೇ ಹುಚ್ಚು. 1904ರಿಂದಾಚೆ ಎಕ್ಸ್‌ರೇ, ಆಮೇಲೆ ರೇಡಿಯಂ ಸರದಿ: ಅಂಡಾಶಯವನ್ನು ಸುಟ್ಟು ಮುಟ್ಟನ್ನೇ ನಿಲ್ಲಿಸಿದರೆ ಗಡ್ಡೆ ತಾನಾಗಿ ಕುಗ್ಗುತ್ತದೆ ಎಂಬ ತರ್ಕ. ತರ್ಕ ಸರಿಯಾಗಿಯೇ ಇತ್ತು, ಏಕೆಂದರೆ ಈ ಗಡ್ಡೆ ಅಂಡಾಶಯದ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಉಂಡೇ ಬೆಳೆಯುವುದು. ಆದರೆ ನಿರಪಾಯಕಾರಿ ಗಡ್ಡೆಗೆ ತೆರಬೇಕಾದ ಬೆಲೆಯೇ ಅಪಾಯಕಾರಿಯಾಯಿತು, ಆ ಚಿಕಿತ್ಸೆ ಮರೆಗೆ ಸರಿಯಿತು.

ಈ ಇಡೀ ಚರಿತ್ರೆಯಲ್ಲಿ ತಕರಾರು ಎತ್ತಿದವರಲ್ಲಿ ಲಂಡನ್ನಿನ ವಿಕ್ಟರ್ ಬಾನಿ ಮುಖ್ಯರು. ಅವರ ಹೆಂಡತಿಗೇ ಫೈಬ್ರಾಯ್ಡ್ ಕಾರಣದಿಂದ ಗರ್ಭಕೋಶ ತೆಗೆಯಬೇಕಾಗಿ ಬಂದಿತ್ತು, ಮಕ್ಕಳಾಗಲಿಲ್ಲ. ಕ್ಯಾನ್ಸರ್ ಅಲ್ಲದ ಗಡ್ಡೆಗೋಸ್ಕರ ಅಂಗವನ್ನೇ ಕೀಳುವುದು ಶಸ್ತ್ರಚಿಕಿತ್ಸೆಯ ಸೋಲು ಎಂಬ ನಿಲುವಿಗೆ ಅವರು ಬಂದರು. ರಕ್ತನಾಳಗಳನ್ನು ಒತ್ತಿಹಿಡಿಯುವ ಇಕ್ಕಳವೊಂದನ್ನು ರೂಪಿಸಿ, ಗಡ್ಡೆಗಳನ್ನಷ್ಟೇ ಬಿಡಿಸಿ ತೆಗೆಯುವುದನ್ನು ಕಲೆಯ ಮಟ್ಟಕ್ಕೆ ಒಯ್ದರು. ಒಬ್ಬಾಕೆಯ ಒಂದೇ ಗರ್ಭಕೋಶದಿಂದ ಅವರು 225 ಗಡ್ಡೆಗಳನ್ನು ತೆಗೆದರೆಂಬ ದಾಖಲೆಯಿದೆ.

ಕೊಯ್ಯದೆ ನೋಡುವ ವಿದ್ಯೆ ಬಂದದ್ದು ಮಾತ್ರ ಆಸ್ಪತ್ರೆಯಿಂದಲ್ಲ, ಕಾರ್ಖಾನೆಯಿಂದ. ಗಣಿಯ ಊರಿನವರಿಗೆ ಇದು ಇಷ್ಟವಾಗುವ ಕಥೆ. ಉಕ್ಕಿನ ತಗಡಿನೊಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೆ ಬಾಯ್ಲರ್ ಸಿಡಿಯುತ್ತದೆ. ಅದನ್ನು ಹುಡುಕಲು ಕಾರ್ಖಾನೆಗಳು ಶ್ರವಣಾತೀತ ಧ್ವನಿಯ ಯಂತ್ರ ಬಳಸುತ್ತಿದ್ದವು. ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ 1955ರ ಜುಲೈಯಲ್ಲಿ, ಆಗಷ್ಟೇ ಕೊಯ್ದು ತೆಗೆದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ನೀರುಗಡ್ಡೆಗಳನ್ನೂ ಎರಡು ಕಾರುಗಳಲ್ಲಿ ತುಂಬಿಕೊಂಡು, ರೆನ್‌ಫ್ರೂ ಪಟ್ಟಣದ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಬಾಯ್ಲರ್ ಕಂಪನಿಗೆ ಹೋದರು. ಹೋಲಿಕೆಗೆಂದು ಒಂದು ತುಂಡು ದನದ ಮಾಂಸವೂ ಇತ್ತು. ಯಂತ್ರದ ಮುಂದೆ ಒಂದೊಂದಾಗಿ ಹಿಡಿದಾಗ, ನೀರುಗಡ್ಡೆ ಕೊಡುವ ಪ್ರತಿಧ್ವನಿಯೇ ಬೇರೆ, ಗಟ್ಟಿ ಗಡ್ಡೆ ಕೊಡುವುದೇ ಬೇರೆ ಎಂದು ಪರದೆಯಲ್ಲಿ ಕಂಡಿತು. ಮೂರು ವರ್ಷದ ನಂತರ, 1958ರ ಜೂನ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಇಂದು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ‘ಸ್ಕ್ಯಾನಿಂಗ್’ಗೆ ಚೀಟಿ ಬರೆದು ಕೊಡುವ ವೈದ್ಯರು ಬಳಸುವುದು ಆ ಬಾಯ್ಲರ್ ಯಂತ್ರದ ಮರಿಮಕ್ಕಳನ್ನೇ.

ಪ್ರಯೋಗಾಲಯವೂ ಸುಮ್ಮನೆ ಕೂತಿರಲಿಲ್ಲ. 1965ರಲ್ಲಿ ಲಿಂಡರ್ ಮತ್ತು ಗಾರ್ಟ್ಲರ್ ಎಂಬ ಅಮೆರಿಕದ ಸಂಶೋಧಕರು ಒಂದು ಜಾಣ ಪರೀಕ್ಷೆ ಮಾಡಿದರು. ಕೆಲವು ಹೆಂಗಸರ ದೇಹದಲ್ಲಿ ಜಿ6ಪಿಡಿ ಎಂಬ ಕಿಣ್ವದ ಎರಡು ಬಗೆಗಳಿರುತ್ತವೆ, ಒಂದು ಜೀವಕೋಶದಲ್ಲಿ ಒಂದೇ ಬಗೆ. ಅಂಥವರ ಗರ್ಭಕೋಶದ ಆರೋಗ್ಯವಂತ ಸ್ನಾಯುವಿನ ಚೂರಿನಲ್ಲಿ ಎರಡೂ ಬಗೆ ಸಿಕ್ಕವು, ಆದರೆ ಪ್ರತಿ ಗಡ್ಡೆಯಲ್ಲೂ ಯಾವುದೋ ಒಂದೇ ಸಿಕ್ಕಿತು. ಅಂದರೆ ಪ್ರತಿ ಗಡ್ಡೆಯೂ ಹುಟ್ಟುವುದು ದಾರಿತಪ್ಪಿದ ಒಂದೇ ಒಂದು ಜೀವಕೋಶದಿಂದ. ಒಂದೇ ಗರ್ಭಕೋಶದ ಹತ್ತು ಗಡ್ಡೆಗಳು ಒಂದರ ಮರಿಗಳಲ್ಲ, ಹತ್ತೂ ಬೇರೆಬೇರೆ ಹುಟ್ಟು. ದಾರಿ ತಪ್ಪುವುದು ಎಲ್ಲಿ ಎಂಬುದಕ್ಕೆ 2011ರಲ್ಲಿ ಹೆಲ್ಸಿಂಕಿಯಿಂದ ಉತ್ತರ ಬಂತು: 80 ಮಹಿಳೆಯರ 225 ಗಡ್ಡೆಗಳನ್ನು ಪರೀಕ್ಷಿಸಿದಾಗ 159ರಲ್ಲಿ ಮೆಡ್12 ಎಂಬ ಒಂದೇ ಜೀನಿನಲ್ಲಿ ದೋಷವಿತ್ತು. ಬಾನಿ ಒಬ್ಬಳ ಹೊಟ್ಟೆಯಿಂದ ತೆಗೆದಷ್ಟೇ ಗಡ್ಡೆಗಳು, ಬರೀ ಕಾಕತಾಳೀಯ.

ಇಷ್ಟೆಲ್ಲ ತಿಳಿದ ಮೇಲೆ ಗರ್ಭಕೋಶ ಕೀಳುವುದು ಕಡಿಮೆಯಾಗಬೇಕಿತ್ತು. ನಮ್ಮಲ್ಲಿ ಅನೇಕ ಕಡೆ ಆದದ್ದು ತಿರುಗುಮುರುಗು. ಅನುಪಮಾ ನಿರಂಜನ ಅವರಂಥ ವೈದ್ಯೆ–ಲೇಖಕಿಯರು ಗರ್ಭಕೋಶದ ಆರೋಗ್ಯವನ್ನು ಕನ್ನಡದ ಮನೆಮನೆಗೆ ತಲುಪಿಸಿದ ನಾಡಿನಲ್ಲೇ, ಹೆತ್ತು ಮುಗಿದ ಮೇಲೆ ಅದೊಂದು ಬೇಡದ ಚೀಲ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂಬ ಮಾತು ಹರಡಿತು. ಸ್ಕ್ಯಾನಿಂಗ್ ಕಾಗದದಲ್ಲಿ ಎರಡು ಸೆಂಟಿಮೀಟರ್ ಗಡ್ಡೆ ಕಂಡರೂ ಸಾಕು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ 2,000ಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ತೆಗೆದಿದ್ದನ್ನು ಆರೋಗ್ಯ ಹೋರಾಟಗಾರರು 2015ರಲ್ಲಿ ಬಯಲಿಗೆಳೆದರು. ಹೊಟ್ಟೆನೋವೆಂದು ಹೋದವರು ಅವರಲ್ಲಿ ಬಹಳ ಮಂದಿ. ಕೋಲಾರ ಜಿಲ್ಲೆಯ ಗಡಿಯಾಚೆ ಆಂಧ್ರಪ್ರದೇಶದ ಸ್ಥಿತಿ ಇನ್ನೂ ತೀವ್ರ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ 3ರಷ್ಟಿದ್ದರೆ, ಆಂಧ್ರದಲ್ಲಿ ಸುಮಾರು 9. ಗಡ್ಡೆಗಳು ರಾಜ್ಯದ ಗಡಿ ನೋಡಿ ಬೆಳೆಯುವುದಿಲ್ಲವಾದ್ದರಿಂದ, ಈ ವ್ಯತ್ಯಾಸದ ಕಾರಣವನ್ನು ಹೊಟ್ಟೆಯ ಹೊರಗೆ ಹುಡುಕಬೇಕು. ಇದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.

ಗಣಿ ಮುಚ್ಚಿದ ಮೇಲೆ ಚಾಂಪಿಯನ್ ರೀಫ್‌ನ ಆಸ್ಪತ್ರೆ ಹಳೆಯ ವೈಭವ ಉಳಿಸಿಕೊಳ್ಳಲಿಲ್ಲ. ಕೆಲಸ ಹುಡುಕಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರ ಊರಾಯಿತು ಇದು. ಚಿಕಿತ್ಸೆಗೂ ಅದೇ ರೈಲು, ಇಲ್ಲವೇ ಕೋಲಾರದ ಬಸ್ಸು. ಕೋಲಾರದ ಪಕ್ಕದ ಟಮಕದಲ್ಲಿ 1986ರಿಂದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ, ಅದರ ಜೊತೆಗೆ ಆರ್. ಎಲ್. ಜಾಲಪ್ಪ ಆಸ್ಪತ್ರೆ. ಇಂಥ ಕಾಲೇಜುಗಳ ರೋಗಶಾಸ್ತ್ರ ವಿಭಾಗಕ್ಕೆ ಫಾರ್ಮಲಿನ್ ಡಬ್ಬಿಯಲ್ಲಿ ಬರುವ ಮಾದರಿಗಳಲ್ಲಿ ಗರ್ಭಕೋಶ ತೀರ ಸಾಮಾನ್ಯ. ಸೂಕ್ಷ್ಮದರ್ಶಕದಡಿ ನೋಡುವುದು ವಿರ್ಕೋ ಕಂಡದ್ದನ್ನೇ: ಒಂದಕ್ಕೊಂದು ಅಡ್ಡವಾಗಿ ಹಾಯುವ ಸ್ನಾಯುಕೋಶಗಳ ಕಟ್ಟುಗಳು, ತುದಿ ಮೊಂಡಾದ ಉದ್ದನೆಯ ಕೋಶಕೇಂದ್ರಗಳು.

ನೋಡುವವರ ನಿಜವಾದ ಹುಡುಕಾಟ ಬೇರೆಯದು. ಸಾರ್ಕೋಮ ಎಂಬ ಕ್ಯಾನ್ಸರ್ ಹೊರಗಿನಿಂದ ಫೈಬ್ರಾಯ್ಡ್‌ನ ಹಾಗೇ ಕಾಣಿಸಬಹುದು. ಕೋಶಗಳು ವಿಕಾರವಾಗಿವೆಯೇ, ಇಬ್ಭಾಗವಾಗುತ್ತಿರುವ ಕೋಶಗಳು ಹತ್ತು ನೋಟದ ವಲಯಗಳಲ್ಲಿ ಎಷ್ಟು, ಗಡ್ಡೆ ತುಂಡುತುಂಡಾಗಿ ಸತ್ತಿದೆಯೇ ಎಂದು ಎಣಿಸಿಯೇ ತೀರ್ಮಾನಿಸಬೇಕು. ಸ್ಕ್ಯಾನಿಂಗ್ ಇದನ್ನು ಖಚಿತವಾಗಿ ಹೇಳಲಾರದು. ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಶಸ್ತ್ರಚಿಕಿತ್ಸೆ ಬಂದ ಮೇಲೆ, ದೊಡ್ಡ ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ಕೊಚ್ಚಿ ಸಣ್ಣ ರಂಧ್ರದಿಂದ ಹೊರತೆಗೆಯುವ ರೂಢಿ ಬೆಳೆದಿತ್ತು. ಫೈಬ್ರಾಯ್ಡ್ ಎಂದು ಆಪರೇಷನ್ ಆದ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಗೊತ್ತಾಗದ ಸಾರ್ಕೋಮ ಇರಬಹುದು, ಕೊಚ್ಚಿದರೆ ಅದು ಹೊಟ್ಟೆಯೆಲ್ಲ ಚೆಲ್ಲುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಆ ಅಂದಾಜು ಹೆಚ್ಚಾಯಿತೆಂದು ವಾದಿಸಿದ ವೈದ್ಯರೂ ಇದ್ದಾರೆ. ಅಂದಿನಿಂದ ಗಡ್ಡೆಯನ್ನು ಮೊದಲು ಚೀಲವೊಂದರಲ್ಲಿ ಹಾಕಿ, ಚೀಲದೊಳಗೇ ಕತ್ತರಿಸಿ ತೆಗೆಯುವ ಕ್ರಮ ಬಳಕೆಗೆ ಬಂದಿದೆ. ಹಾಗೆ ಬಂದ ಚೂರುಗಳನ್ನೆಲ್ಲ ಜೋಡಿಸಿ ನೋಡುವುದು ರೋಗಶಾಸ್ತ್ರಜ್ಞರಿಗೆ ಇಡಿಯಾದ ಗಡ್ಡೆಯನ್ನು ನೋಡುವುದಕ್ಕಿಂತ ಹೆಚ್ಚು ಕಷ್ಟದ ಕೆಲಸ.